ಫೈಬರ್ ದೋಣಿಗೆ ಸಾವಿಲ್ಲವೇ?

ಸೋಮವಾರಪೇಟೆ ಸೀಮೆಗೆ ಯಂತ್ರದೋಣಿ ಹೊಸತೇನಲ್ಲ. ತಾಲ್ಲೂಕು ಎರಡಾಗುವ ಮೊದಲು ಅದರ ಎಲ್ಲೆಯೊಳಗೇ ಇದ್ದ ದುಬಾರೆಯಲ್ಲಿ ಆನೆ ಶಿಬಿರ ನೋಡಲು ಬರುವವರು ಕಾವೇರಿಯನ್ನು ದಾಟುವುದು ಅಂಥ ದೋಣಿಯಲ್ಲಿ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ನದಿ ನುಗ್ಗಿದಾಗಲೂ ದೋಣಿಗಳೇ ಬೇಕಾದವು. ಹೊಸ ದೋಣಿಯ ಬೆಲೆ ದುಬಾರಿ. ಆದ್ದರಿಂದ ಇಪ್ಪತ್ತು, ಮೂವತ್ತು ವರ್ಷ ಹಳೆಯ ಫೈಬರ್‌ಗ್ಲಾಸ್ ದೋಣಿಯನ್ನು ಕೊಂಡು, ಬಿರುಕಿಗೆ ಪುಟ್ಟಿ ತುಂಬಿ, ಬಣ್ಣ ಬಳಿದು ನೀರಿಗಿಳಿಸುವ ರೂಢಿ ಎಲ್ಲೆಡೆ ಬೆಳೆದಿದೆ. ಇದನ್ನು ಸಮರ್ಥಿಸಲು ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ಫೈಬರ್ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ಸಾವಿಲ್ಲ. ಈ ಮಾತು ಎಷ್ಟು ನಿಜ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಮಾತಿನಲ್ಲಿ ಅರ್ಧ ಸತ್ಯವಿದೆ. ಗಾಜಿನೆಳೆ ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿದ ಸಂಯುಕ್ತ ವಸ್ತುವಿನಿಂದ ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ 1942ರಲ್ಲಿ ದೋಣಿ ಕಟ್ಟಿದರು. 1950ರ ದಶಕದಲ್ಲಿ ಆ ದೇಶದ ಕರಾವಳಿ ಕಾವಲು ಪಡೆ 40 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಗಳನ್ನು ಬಳಕೆಗೆ ತಂದಿತು. ಸುಮಾರು ಇಪ್ಪತ್ತು ವರ್ಷಗಳ ಸೇವೆಯ ಬಳಿಕ ಒಡಲಿನ ತುಣುಕುಗಳನ್ನು ಕತ್ತರಿಸಿ ಪರೀಕ್ಷಿಸಿದಾಗ ಪದರಗಳ ಬಲ ಅಷ್ಟೇನೂ ಕುಗ್ಗಿರಲಿಲ್ಲ. ಹೀಗಾಗಿ ವಸ್ತುವನ್ನು ದೂರುವಂತಿಲ್ಲ. ಆದರೆ ದೋಣಿ ಎಂದರೆ ಫೈಬರ್‌ಗ್ಲಾಸ್ ಮಾತ್ರವಲ್ಲ. ಹಳೆಯ ದೋಣಿಗಳಲ್ಲಿ ಎಂಜಿನ್ ತೂಗುಬಿಡುವ ಹಿಂಬದಿಯ ಅಡ್ಡಗೋಡೆಯೊಳಗೆ (ಇದನ್ನು ಟ್ರಾನ್ಸಮ್ ಎನ್ನುತ್ತಾರೆ) ಪ್ಲೈವುಡ್ ಇರುತ್ತದೆ. ತಳಕ್ಕೆ ಬಿಗಿ ಕೊಡುವ ಉದ್ದುದ್ದ ತೊಲೆಗಳು ಎಷ್ಟೋ ದೋಣಿಗಳಲ್ಲಿ ಮರದವೇ. ನೆಲಹಲಗೆಯ ಕೆಳಗೆ ತೇಲುವ ಸಲುವಾಗಿ ಫೋಮ್ ತುಂಬಿರುತ್ತಾರೆ. ಎಲ್ಲಕ್ಕೂ ಮೇಲೆ ಗಾಜಿನೆಳೆಯ ಹೊದಿಕೆ.

ನಮ್ಮ ಹರಿಗೋಲನ್ನು ನೆನೆಯಿರಿ. ಅದರ ಬಿದಿರಿನ ಹೆಣಿಗೆ ಒಳಗಡೆಯಿಂದ ಪೂರ್ತಿ ಕಾಣುತ್ತದೆ. ಒಂದು ಸೀಳು ಮುರಿದರೆ ಅಂಬಿಗನ ಕಣ್ಣಿಗೆ ಬೀಳದೆ ಇರದು. ಫೈಬರ್ ದೋಣಿಯಾದರೋ ತನ್ನ ಎಲುಬನ್ನು ಮುಚ್ಚಿಟ್ಟುಕೊಂಡಿರುತ್ತದೆ. ಎಂಜಿನ್ ಬಿಗಿಯಲು ಕೊರೆದ ಒಂದು ತೂತಿನ ಅಂಚಿನಲ್ಲಿ ಅಂಟು ಬಿಟ್ಟರೆ ಸಾಕು, ನೀರು ಪ್ಲೈವುಡ್‌ಗೆ ಇಳಿಯುತ್ತದೆ. ಅಲ್ಲಿಂದ ಆವಿಯಾಗಿ ಹೊರಹೋಗಲು ದಾರಿಯಿಲ್ಲ. ಮರದ ತೇವಾಂಶ ಶೇಕಡಾ 20ನ್ನು ಮೀರಿ ನಿಂತಲ್ಲಿ ಶಿಲೀಂಧ್ರಕ್ಕೆ ಅನುಕೂಲ. ಹೊರಗೆ ಹೊಳೆಯುವ ಬಣ್ಣ, ಒಳಗೆ ಕೈಯಲ್ಲಿ ಹಿಂಡಿದರೆ ನೀರು ಸುರಿಸುವ ಮರ. ಬಣ್ಣ ಬಳಿದವರ ಮೇಲೆ ನನಗಿರುವ ಮೊದಲ ಆಕ್ಷೇಪ ಇದೇ: ಅವರು ತಾವು ಕಾಣಬೇಕಾದುದನ್ನೇ ಮುಚ್ಚಿದ್ದಾರೆ.

ಎರಡನೆಯದು ಸಿಹಿನೀರಿನ ಬಗೆಗಿನ ತಪ್ಪು ತಿಳಿವಳಿಕೆ. ಉಪ್ಪುನೀರು ದೋಣಿಯನ್ನು ತಿನ್ನುತ್ತದೆ, ನದಿ ನೀರು ಏನೂ ಮಾಡದು ಎಂದು ಹಲವರು ನಂಬಿದ್ದಾರೆ. ಕಬ್ಬಿಣದ ಮಟ್ಟಿಗೆ ಅದರಲ್ಲಿ ತಕ್ಕಮಟ್ಟಿಗೆ ಸತ್ಯವಿದೆ. ಫೈಬರ್ ಒಡಲಿನ ಮಟ್ಟಿಗೆ ವಿಷಯ ತಿರುಗುಮುರುಗು. ಒಡಲಿನ ಹೊರಮೈಯಲ್ಲಿರುವ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಜೆಲ್‌ಕೋಟ್ ನೀರನ್ನು ಪೂರ್ತಿ ತಡೆಯದು. ಅಣುಗಳು ನಿಧಾನವಾಗಿ ಒಳನುಸುಳುತ್ತವೆ. ಒಳಗೆ ಪ್ರತಿಕ್ರಿಯಿಸದೆ ಉಳಿದ ಗ್ಲೈಕಾಲ್‌ನಂಥ ಪದಾರ್ಥಗಳೂ, ಪಾಲಿಯೆಸ್ಟರ್‌ನ ಎಸ್ಟರ್ ಬಂಧಗಳು ನೀರಿನಿಂದ ಒಡೆದು ಉಂಟಾದ ಆಮ್ಲಗಳೂ ಕರಗಿ ಗಾಢ ದ್ರಾವಣವಾಗುತ್ತದೆ. ಜೆಲ್‌ಕೋಟ್ ಈಗ ಹೆಚ್ಚುಕಡಿಮೆ ಅರೆಪಾರಕ ಪೊರೆ. ಅಭಿಸರಣೆ ಆರಂಭ.

ಇಲ್ಲಿ ಪದವಿಪೂರ್ವ ವಿದ್ಯಾರ್ಥಿಗಳು ವಾನ್ಟ್ ಹಾಫ್ ಸೂತ್ರವನ್ನು ಬಳಸಬಹುದು. ಲೀಟರಿಗೆ ಒಂದು ಮೋಲ್ ಕಣಗಳಿರುವ ದ್ರಾವಣದ ಅಭಿಸರಣ ಒತ್ತಡ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ವಾತಾವರಣ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರಿನದ್ದು ಹೆಚ್ಚುಕಡಿಮೆ 25 ವಾತಾವರಣ. ಅಂದರೆ ಸಮುದ್ರದಲ್ಲಿ ಹೊರಗಿನ ದ್ರಾವಣವೂ ಒಳಗಿನದಕ್ಕೆ ಸರಿಸಾಟಿಯಾಗಿ ಎಳೆಯುತ್ತದೆ. ನದಿ ಅಥವಾ ಜಲಾಶಯದ ನೀರಿನಲ್ಲಿ ಲವಣ ಅತ್ಯಲ್ಪ. ಎದುರೆಳೆತ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ಒತ್ತಡ ಪೂರ್ತಿಯಾಗಿ ಪೊರೆಯನ್ನು ಉಬ್ಬಿಸುತ್ತದೆ. ಇವೇ ಒಡಲಿನ ಗುಳ್ಳೆಗಳು. ಚುಚ್ಚಿದರೆ ವಿನೆಗರ್‌ನಂಥ ಹುಳಿ ವಾಸನೆಯ ದ್ರವ ಚಿಮ್ಮುತ್ತದೆ (ಚುಚ್ಚುವಾಗ ಕನ್ನಡಕ ಇರಲಿ). ಬೆಚ್ಚನೆಯ ನೀರಿನಲ್ಲಿ ಈ ಕ್ರಿಯೆಯ ವೇಗ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತಲೆ ಎತ್ತುವ ನಮ್ಮ ನದಿಗಳಲ್ಲಿ ತಳ ಉಜ್ಜಿ ಜೆಲ್‌ಕೋಟ್ ಕಿತ್ತರಂತೂ ತೆರೆದ ಎಳೆಗಳ ಗುಂಟ ನೀರು ನೇರವಾಗಿ ಏರುತ್ತದೆ.

ಹಾಗಾದರೆ ಪರಿಶೀಲನೆ ಹೇಗೆ? ದುಬಾರಿ ಉಪಕರಣ ಬೇಕೆಂದೇನಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದಿಲ್ಲವೇ? ಅದೇ ವಿಧಾನ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅಂಗೈಯಗಲದ ಅಂತರದಲ್ಲಿ ಒಡಲಿಡೀ ತಟ್ಟುತ್ತಾ ಹೋಗಬೇಕು. ಗಟ್ಟಿ ಪದರ ಚುರುಕಾದ ಸ್ವರ ಕೊಡುತ್ತದೆ. ಪದರಗಳು ಬೇರ್ಪಟ್ಟಲ್ಲಿ, ಒಳಮರ ಕೊಳೆತಲ್ಲಿ ಸ್ವರ ಮಂದವಾಗುತ್ತದೆ. ಅನುಮಾನ ಬಂದಲ್ಲಿ ಟ್ರಾನ್ಸಮ್‌ಗೆ ಒಳಬದಿಯಿಂದ ಐದು ಮಿಲಿಮೀಟರ್ ತೂತು ಕೊರೆದು ಹುಡಿ ನೋಡಿ. ತಿಳಿಬಣ್ಣದ ಒಣ ಹುಡಿಯಾದರೆ ಕ್ಷೇಮ, ಕಪ್ಪು ಒದ್ದೆ ಹುಡಿಯಾದರೆ ಇಡೀ ಹಲಗೆ ಬದಲಾಯಿಸಬೇಕು. ತೇವಮಾಪಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಗುಣವನ್ನು. ತಾಮ್ರ ಬೆರೆತ ತಳದ ಬಣ್ಣ, ಬೆಳಗಿನ ಇಬ್ಬನಿ ಇವೆಲ್ಲ ಅದನ್ನು ದಾರಿ ತಪ್ಪಿಸುತ್ತವೆ.

ಫೋಮ್ ನೀರು ಕುಡಿದಿದೆಯೇ ಎಂಬುದಕ್ಕೆ ಆರ್ಕಿಮಿಡೀಸ್ ಸಾಕು. ನೀರಿನ ಮಟ್ಟದಲ್ಲಿ ಒಡಲಿನ ಅಡ್ಡಛೇದ 6 ಚದರ ಮೀಟರ್ ಇದೆಯೆನ್ನಿ. ದೋಣಿ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿದರೆ 0.06 ಘನ ಮೀಟರ್, ಅಂದರೆ 60 ಕಿಲೋಗ್ರಾಂ ಹೆಚ್ಚುವರಿ ಭಾರ. ಖಾಲಿ ದೋಣಿ ಹಳೆಯ ಗುರುತಿಗಿಂತ ಮೂರು ಸೆಂಟಿಮೀಟರ್ ಕೆಳಗೆ ನಿಂತಿದ್ದರೆ ಮೂರು ಜನರಷ್ಟು ತೂಕದ ನೀರು ನೆಲಹಲಗೆಯಡಿ ಕುಳಿತಿರಬಹುದು. ಮಳೆಯ ಲೆಕ್ಕವನ್ನೂ ಸೇರಿಸಿ. ತೆರೆದ ದೋಣಿಯ ವಿಸ್ತೀರ್ಣ 8 ಚದರ ಮೀಟರ್ ಇದ್ದರೆ ದಿನಕ್ಕೆ 100 ಮಿಲಿಮೀಟರ್ ಮಳೆ ಎಂದರೆ 800 ಲೀಟರ್. ಸೋಮವಾರಪೇಟೆಯ ಮುಂಗಾರಿನಲ್ಲಿ ಇಂಥ ದಿನ ಅಪರೂಪವಲ್ಲ. ಮುಚ್ಚಿಗೆಯಿಲ್ಲದೆ ಕಟ್ಟಿಹಾಕಿದ ದೋಣಿ ಮೇಲಿನಿಂದಲೇ ಹಾಳಾಗುತ್ತದೆ.

ಪುನರುಜ್ಜೀವನದ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಕೈಪಿಡಿಗಳ ಮೇಲೂ ನನಗೊಂದು ತಕರಾರಿದೆ. ಬಹುಪಾಲು ಕೈಪಿಡಿಗಳು ಚಳಿಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ತಿಂಗಳುಗಟ್ಟಲೆ ಒಣಗಿಸುವ ನಾಡಿನವರು ಬರೆದವು. ಪ್ರವಾಸಿ ದೋಣಿಗೆ ಇಲ್ಲಿ ಬಿಡುವು ಸಿಗುವುದು ನದಿ ಉಕ್ಕುವ ಮಳೆಗಾಲದಲ್ಲಿ. ದುರಸ್ತಿ ನಡೆಯುವುದೂ ಸಹಜವಾಗಿ ಆಗಲೇ. ಗಾಳಿಯೇ ಒದ್ದೆಯಾಗಿರುವಾಗ ಒಡಲು ಒಣಗುವುದೆಂತು? ತೇವವನ್ನು ಒಳಗಿಟ್ಟೇ ಎಪಾಕ್ಸಿ ಹಚ್ಚಿದರೆ ಗುಳ್ಳೆ ಮತ್ತೆ ಏಳುತ್ತದೆ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸರಿ, ಪ್ರವಾಸಿಗರ ಆದಾಯ ಸ್ವಲ್ಪ ತಪ್ಪಿದರೂ. ಗುಳ್ಳೆಗಳನ್ನು ಕೆರೆದು ತೆಗೆದ ಮೇಲೆ ಬಿಸಿ ಸಿಹಿನೀರಿನಿಂದ ಪದೇ ಪದೇ ತೊಳೆಯಬೇಕು. ತೇವ ಹೀರುವ ಗ್ಲೈಕಾಲ್ ಉಳಿದರೆ ಎಷ್ಟು ದಿನ ಬಿಸಿಲಿಗಿಟ್ಟರೂ ಒಣಗದು. ಒಣಗಿತೇ ಎಂದು ತಿಳಿಯಲು ಒಂದು ಚೌಕ ಪಾಲಿಥೀನ್ ಹಾಳೆಯನ್ನು ಒಡಲಿಗೆ ಅಂಚು ಬಿಗಿದು ಅಂಟಿಸಿ, ಒಂದು ದಿನ ಬಿಟ್ಟು ಒಳಗೆ ಹನಿ ಕಟ್ಟಿದೆಯೇ ನೋಡಬಹುದು.

ಬಿರುಕಿಗೆ ಪುಟ್ಟಿ ತುಂಬುವುದು ದುರಸ್ತಿಯಲ್ಲ. ಬಲ ಸಾಗುವುದು ಎಳೆಗಳ ಮೂಲಕ; ಪುಟ್ಟಿಯಲ್ಲಿ ಉದ್ದನೆಯ ಎಳೆಗಳಿಲ್ಲ. ಪದರದ ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಅಂಚನ್ನು ಇಳಿಜಾರಾಗಿ ಉಜ್ಜಿ, ಹೊಸ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಕೂರಿಸಬೇಕು. ಹಳೆಯ ಪಾಲಿಯೆಸ್ಟರ್ ಮೇಲೆ ಹೊಸ ಪಾಲಿಯೆಸ್ಟರ್‌ಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್ ರೆಸಿನ್ ಬಳಸುವವರಿಗೆ ಒಂದು ಎಚ್ಚರಿಕೆ: ಕೋಬಾಲ್ಟ್ ವೇಗವರ್ಧಕವನ್ನೂ ಪೆರಾಕ್ಸೈಡ್ ಗಟ್ಟಿಕಾರಕವನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟವಾದೀತು. ಶಾಲೆಗಳಲ್ಲಿ ಪ್ರಾತ್ಯಕ್ಷಿಕೆ ತೋರಿಸಲು ಇದು ತಕ್ಕ ವಸ್ತುವಲ್ಲ.

ಇಷ್ಟೆಲ್ಲ ಮಾಡಿದರೂ ಒಡಲು ಗಟ್ಟಿಯಾಯಿತೇ ಹೊರತು ದೋಣಿ ಸುರಕ್ಷಿತವಾಯಿತು ಎನ್ನಲಾಗದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ 45 ಜನರನ್ನು ಬಲಿ ತೆಗೆದುಕೊಂಡದ್ದು ಫೈಬರ್‌ಗ್ಲಾಸ್ ದೋಣಿ. ಅದು ಹಳೆಯದೇನಲ್ಲ, ಒಡಲು ಸೀಳಿದ್ದೂ ಅಲ್ಲ. ಎರಡಂತಸ್ತಿನ ದೋಣಿ ಮಗುಚಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತಾಗ, ಅದು ಮೀನುದೋಣಿಯನ್ನು ಪ್ರವಾಸಿ ದೋಣಿಯಾಗಿ ಬದಲಿಸಿದ್ದು ಎಂದು ವರದಿಯಾಯಿತು. ಹೊಸ ರೂಪ ಕೊಡುವವರು ಮೇಲೊಂದು ಚಾವಣಿ, ಅದರ ಮೇಲೊಂದು ಆಸನ, ಹಿಂದೆ ಮೊದಲಿಗಿಂತ ಭಾರದ ನಾಲ್ಕು ಸ್ಟ್ರೋಕ್ ಎಂಜಿನ್ ಸೇರಿಸುತ್ತಾರೆ. ಗುರುತ್ವಕೇಂದ್ರ ಮೇಲೇರುತ್ತದೆ. ಎಂಜಿನ್‌ನ ಭಾರವನ್ನು ಹೊರುವುದು ಅದೇ ಕೊಳೆತ ಟ್ರಾನ್ಸಮ್.

1917ರ ಹಳೆಯ ಕಾನೂನಿನ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರಚಾಲಿತ ನೌಕೆಗಳಿಗೆ ಸಮೀಕ್ಷೆ ಮತ್ತು ನೋಂದಣಿಯನ್ನು ವಿಧಿಸಿದೆ. ಆ ಸಮೀಕ್ಷೆ ಬಣ್ಣ ಬಳಿಯುವ ಮೊದಲು ನಡೆಯಬೇಕೆಂಬುದು ನನ್ನ ವಾದ. ಬಣ್ಣ ಬಳಿದ ಮೇಲೆ ಸುತ್ತಿಗೆ ಹಿಡಿದು ಹೋದರೆ ತಾಜಾ ಪುಟ್ಟಿಯ ಸದ್ದೇ ಕೇಳಿಸೀತು. ತೊಲೆಗಳೂ ಟ್ರಾನ್ಸಮ್ಮೂ ಎರಡೂ ಹೋದ ದೋಣಿಯನ್ನು ಉಳಿಸುವ ಹಟ ಬೇಡ. ಅದರ ದುರಸ್ತಿಯ ವೆಚ್ಚ ಹೊಸ ಒಡಲನ್ನು ಮುಟ್ಟುತ್ತದೆ. ಆಗ ಮಾತ್ರ ಸಾವಿಲ್ಲವೆಂಬ ಮಾತಿನ ಇನ್ನೊಂದು ಮುಖ ಎದುರಾಗುತ್ತದೆ. ಒಮ್ಮೆ ಗಟ್ಟಿಯಾದ ಈ ರೆಸಿನ್ ಮತ್ತೆ ಕರಗದು, ಗುಜರಿಯವರೂ ಕೊಳ್ಳುವುದಿಲ್ಲ. ಹಾಗೆ ಬಿಟ್ಟ ಒಡಲು ನದಿದಡದಲ್ಲಿ ಮಳೆನೀರು ತುಂಬಿಕೊಂಡು ಸೊಳ್ಳೆಗಳಿಗೆ ಮನೆಯಾಗಿ ದಶಕಗಳ ಕಾಲ ಬಿದ್ದಿರುತ್ತದೆ.