ಎರಡು ಕಾವು

ಕಳೆದ ಮಾಗಿಯಲ್ಲಿ ನನ್ನ ಬಲಗೈ ಹೆಬ್ಬೆರಳ ಬುಡ ಮುಷ್ಕರ ಹೂಡಿತು. ಅರ್ಧ ತಾಸು ಉಳಿ ಹಿಡಿದರೆ ಸಾಕು, ರಾತ್ರಿ ಮುದ್ದೆ ಮುರಿಯಲು ಎಡಗೈ ಬೇಕಾಗುತ್ತಿತ್ತು. ನನ್ನ ಹತ್ಯಾರು ಒಯ್ದು ಎಂದೂ ವಾಪಸು ತಾರದ ಗೆಳೆಯನೊಬ್ಬನಿದ್ದಾನೆ. ಅವನು ನನ್ನ ಕೈ ನೋಡಿ, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ನಕ್ಕ. ಅವನು ಹೋದ ಮೇಲೆ ಆ ನೆಲವನ್ನೇ ಒಮ್ಮೆ ಅಳೆದುಬಿಡೋಣ ಎನ್ನಿಸಿತು. ಪೇಟೆಯಿಂದ ತಂದ ಉಳಿಯ ಕಾವು 22 ಮಿಲಿಮೀಟರ್ ದಪ್ಪ. ಲಟ್ಟಣಿಗೆಯ ಹಿಡಿಯಂತೆ ಗುಂಡಗೆ, ಮೇಲೆ ಗಾಜಿನಂಥ ವಾರ್ನಿಷ್. ನೆಲ ನಿಜಕ್ಕೂ ಡೊಂಕಾಗಿತ್ತು.

ಕಾವು ತೆಳುವಾದರೆ ಬೆರಳ ತುದಿಗಳು ಅಂಗೈಯನ್ನೇ ಕುಕ್ಕುತ್ತವೆ. ಗುಂಡಗಿದ್ದರೆ ತಿರುಗೀತೆಂದು, ನುಣ್ಣಗಿದ್ದರೆ ಜಾರೀತೆಂದು ಕೈ ತನಗೇ ಗೊತ್ತಿಲ್ಲದೆ ಬಿಗಿಯುತ್ತದೆ. ಮರ ಕೆತ್ತುವುದಕ್ಕಿಂತ ಹೆಚ್ಚು ಶಕ್ತಿ ಹತ್ಯಾರನ್ನು ಹಿಡಿದಿಟ್ಟುಕೊಳ್ಳುವುದಕ್ಕೇ ಹೋಗುತ್ತದೆ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವವರು ಮೊದಲು ವೈದ್ಯರಲ್ಲಿಗೆ ಹೋಗಲಿ. ಬರೀ ನೋವಿನವರು ಕಾವು ಬದಲಿಸಿ ನೋಡಬಹುದು.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತರಿಗೆ ಇದು ಹೊಸ ಮಾತಲ್ಲ. ಸಂತೆಯಲ್ಲಿ ಕೊಡಲಿ, ಗುದ್ದಲಿ ಕೊಂಡರೆ ಬರುವುದು ಬರೀ ಕಬ್ಬಿಣ. ಕಾವು ಹೊಲದ ಬದುವಿನ ಮರದ್ದು, ಹಾಕಿಕೊಳ್ಳುವುದು ಮನೆಯಲ್ಲಿ. ಆಳಿಗೆ ತಕ್ಕ ಉದ್ದ, ಹಿಡಿತಕ್ಕೆ ತಕ್ಕ ದಪ್ಪ. ಮರಗೆಲಸದ ಶೋಕಿ ಹತ್ತಿದ ನಾವೇ ಕಾವನ್ನೂ ಡಬ್ಬಿಯಲ್ಲಿ ಕೊಳ್ಳುವವರಾದೆವು.

ಇದೇ ಸೀಮೆಯ ಬ್ರಹ್ಮಗಿರಿಗೆ ಜನ ಹೋಗುವುದು ಅಶೋಕನ ಶಾಸನಕ್ಕಾಗಿ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಹತ್ಯಾರಿನ ಹುಚ್ಚಿರುವವನಿಗೆ ಅಲ್ಲಿ ಇನ್ನೊಂದು ಯಾತ್ರೆ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಆ ಗುಡ್ಡದ ಬುಡದಲ್ಲಿ ಅಗೆಸಿದಾಗ ಕೆಳಪದರದಲ್ಲಿ ಸಿಕ್ಕ ಕಲ್ಲುಕೊಡಲಿಗಳು ಎಷ್ಟಿದ್ದವೆಂದರೆ, ಆ ಕಾಲದ ಬದುಕಿಗೇ ಅವರು ಕಲ್ಲುಕೊಡಲಿ ಸಂಸ್ಕೃತಿಯೆಂದು ಹೆಸರಿಟ್ಟರು. ಕರಿಗಲ್ಲನ್ನು ಒಡೆದು, ಕುಟ್ಟಿ, ಉಜ್ಜಿ, ಬಾಯಿಗೆ ಹೊಳಪು ಕೊಟ್ಟು ಮಾಡಿದವು. ಮೂರು ಸಾವಿರ ವರ್ಷಕ್ಕೂ ಹಿಂದಿನವು. ಹಿಂಬದಿ ಚೂಪಗಿರುವುದು ಮರದ ಕಾವಿನಲ್ಲಿ ಸಿಕ್ಕಿಸುವುದಕ್ಕೆ. ಆ ಕಾವು ಮಾತ್ರ ಗೆದ್ದಲಿನ ಪಾಲಾಗಿದೆ. ಬಾಯಿ ಮ್ಯೂಸಿಯಮ್ಮಿಗೆ ಹೋಯಿತು, ಕೈ ತಾಗಿದ ಭಾಗ ಕೈಯ ಜೊತೆಗೇ ಮಣ್ಣಾಯಿತು.

ಕಾವಿಗೆ ಯಾವ ಮರ? ಹುಣಸೆ ಗಟ್ಟಿ, ಕೊಡತಿಗೆ ಅದಕ್ಕೆ ಮಿಗಿಲಿಲ್ಲ. ಗಾಣಕ್ಕೂ ಅದನ್ನೇ ಹುಡುಕುತ್ತಿದ್ದರು. ಕರಿಜಾಲಿ ಪೆಟ್ಟು ತಾಳುತ್ತದೆ. ನಾನು ಆರಿಸಿದ್ದು ಯಾರಿಗೂ ಬೇಡದ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಹೆದರಿ ಜನ ಸೌದೆಗಷ್ಟೇ ಕಡಿಯುತ್ತಾರೆ. ಒಳಗಿನ ಚೇಗು ಮಾತ್ರ ಕೆಂಗಂದು, ಗಟ್ಟಿ. ಒಣಗಿದಾಗ ಕುಗ್ಗುವುದೂ ಕಡಿಮೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರಲ್ಲ, ಬಳ್ಳಾರಿ ಜಾಲಿಯ ಕಾವು ಹಾಕಿದ ಕೊಡಲಿಯಿಂದ ಬಳ್ಳಾರಿ ಜಾಲಿಯನ್ನೇ ಕಡಿದರೆ ಗಾದೆ ಅಕ್ಷರಶಃ ನಿಜವಾಗುತ್ತದೆ, ಅಳುವವರು ಮಾತ್ರ ಯಾರೂ ಇರುವುದಿಲ್ಲ.

ತುಂಡನ್ನು ಗರಗಸದಿಂದ ಕೊಯ್ಯಬೇಡಿ, ಸೀಳಿ. ಸೀಳಿದರೆ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಓಡುತ್ತದೆ, ಏಟು ಬಿದ್ದಾಗ ಕಾವು ಓರೆಯಾಗಿ ಮುರಿಯುವುದಿಲ್ಲ. ಇನ್ನು ಅಳತೆ. ಕಡ್ಡಿಯೊಂದಕ್ಕೆ ಎರೆಮಣ್ಣನ್ನು ಮುದ್ದೆಯ ಹದಕ್ಕೆ ನಾದಿ ಮೆತ್ತಿದೆ. ಉಳಿ ಹಿಡಿಯುವಂತೆ ಹಿಡಿದು, ಒತ್ತದೆ, ಸುಮ್ಮನೆ ಬಿಟ್ಟೆ. ಅಚ್ಚು ಒಣಗಿದ ಮೇಲೆ ನೋಡಿದರೆ ನನ್ನ ಹಿಡಿ ಗುಂಡಗಿರಲಿಲ್ಲ. ಮೊಟ್ಟೆಯಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅಗಲ 36 ಮಿಲಿಮೀಟರ್, ಕಿರಿದು 29. ಹೆಬ್ಬೆರಳ ತುದಿಯೂ ನಡುಬೆರಳ ತುದಿಯೂ ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿದ್ದವು. ಬಾಚಿಯಲ್ಲಿ ಕೆತ್ತಿ, ಒಡೆದ ಬಾಟಲಿಯ ಚೂರಿನಿಂದ ಹೆರೆದೆ. ಮರಳು ಕಾಗದ ತೀಡಿ ಅತಿ ನುಣ್ಣಗೆ ಮಾಡಲಿಲ್ಲ. ಮೊಟ್ಟೆಯಾಕಾರಕ್ಕೆ ಇನ್ನೊಂದು ಲಾಭ: ಬಾಯಿ ಯಾವ ಕಡೆ ತಿರುಗಿದೆಯೆಂದು ಕಣ್ಣು ನೋಡುವ ಮೊದಲೇ ಅಂಗೈಗೆ ತಿಳಿಯುತ್ತದೆ, ಮೇಜಿನಿಂದ ಉರುಳಿ ಬೀಳುವುದೂ ಇಲ್ಲ.

ಎಣ್ಣೆಯ ವಿಷಯದಲ್ಲಿ ಎಡವಿದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಕುಳಿತು ಶೇಂಗಾ ಎಣ್ಣೆ ಬಿಟ್ಟು ಬೇರೇನು ಬಳಿಯಲಿ? ವಾರ ಕಳೆದರೂ ಜಿಡ್ಡು, ಮೇಲೆ ಕಮಟು ವಾಸನೆ. ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಅಗಸೆ ಎಣ್ಣೆ ಗಾಳಿ ಹೀರಿ ಗಟ್ಟಿಯಾಗುತ್ತದೆ. ತೆಳ್ಳಗೆ ಸವರಿ, ಒರೆಸಿ, ಮೂರು ನಾಲ್ಕು ಸಲ ಒಣಗಿಸಿದರೆ ಮರ ಜಾರದೆ ಕೈಗೆ ಹತ್ತುತ್ತದೆ.

ಶೇಂಗಾ ಎಣ್ಣೆಗೂ ಅದರ ಜಾಗ ಸಿಕ್ಕಿತು, ಕುಲುಮೆಯಲ್ಲಿ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕೊಟ್ಟು ಅಗಲ ಬಾಯಿಯ ಉಳಿಯೊಂದನ್ನು ಬಡಿಸಿಕೊಂಡೆ. ನೀರಿಗೆ ಅದ್ದಿದರೆ ಈ ಉಕ್ಕು ಬಿರಿಯುವ ಭಯವಿದೆ, ಎಣ್ಣೆ ಮೆತ್ತಗೆ ತಣಿಸುತ್ತದೆ. ಆಮೇಲಿನದೇ ಕಣ್ಣಿನ ಕೆಲಸ. ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹಗುರವಾಗಿ ಕಾಯಿಸಿದರೆ ಬಣ್ಣಗಳು ಒಂದರ ಹಿಂದೊಂದು ಹರಿಯುತ್ತವೆ: ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಉಳಿ. ನೀಲಿಗೆ ಬಿಟ್ಟಿರೋ, ಮತ್ತೆ ಲಾರಿಯ ಸ್ಪ್ರಿಂಗೇ. ಕಮ್ಮಾರರು ಮಾತು ನಿಲ್ಲಿಸಿದ್ದು ಆ ಅರ್ಧ ನಿಮಿಷ ಮಾತ್ರ. ಕಾವು ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ ಯಾಕಿದೆಯೋ, ಹತ್ಯಾರಿಗಂತೂ ಎರಡೂ ಬೇಕು. ಬೆಂಕಿಯ ಕಾವು ಬಾಯಿಗೆ, ಮರದ ಕಾವು ಕೈಗೆ.

ಕೈ ಪಳಗಿದ ಮೇಲೆ ತೋಪಡವನ್ನೂ ಮಾಡಿಕೊಳ್ಳಬಹುದು. ಬಡಗಿ, ಲೇಖಕ ಜೇಮ್ಸ್ ಕ್ರೆನೊವ್ ತೋಪಡಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಮರಗೆಲಸದ ಬಗೆಗಿನ ಅವರ ಮೊದಲ ಪುಸ್ತಕ 1976ರಲ್ಲಿ ಬಂತು. ದಿಮ್ಮಿಗೆ ತೂತು ಕೊರೆಯುವ ಗೋಜೇ ಇಲ್ಲ. ಉದ್ದಕ್ಕೆ ಮೂರು ಹೋಳು ಮಾಡಿ, ನಡು ಹೋಳನ್ನು ಅಲಗು ಕೂರುವಂತೆ ಓರೆಗೆ ಕೊಯ್ದು, ಮತ್ತೆ ಅಂಟಿಸಿ, ಅಡ್ಡಗೂಟ ಹಾಕಿ ಬೆಣೆ ಬಡಿದರೆ ಆಯಿತು. ಬೆನ್ನನ್ನು ನಮ್ಮ ಅಂಗೈಗೆ ಹೊಂದುವಂತೆ ಹೆರೆಯುವುದಷ್ಟೇ ಉಳಿಯುತ್ತದೆ.

ಹೆಬ್ಬೆರಳ ನೋವು ಪೂರ್ತಿ ಹೋಗಿದೆ ಎನ್ನಲಾರೆ. ಅರ್ಧ ತಾಸು ಒಂದೂವರೆ ತಾಸಾಗಿದೆ, ಮುದ್ದೆಗೆ ಬಲಗೈ ಮರಳಿದೆ. ಹೋದ ತಿಂಗಳು ಆ ಗೆಳೆಯ ಬಂದವನು, ಎಂದಿನಂತೆ ಕೇಳದೆಯೇ ಹೊಸ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮೂರನೆಯ ದಿನ ಉಳಿ ವಾಪಸು ಬಂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ.

'ಚೆನ್ನಾಗೇನೋ ಕೊರೀತದೆ ಮಾರಾಯ, ಆದ್ರೆ ನನ್ನ ಕೈಗೆ ಕೂರ್ತಿಲ್ಲ' ಎಂದ.