ಬರ ಬಂದರಷ್ಟೇ ಸೂಟಿಯ ಊಟ

2024ರ ಮೇ ತಿಂಗಳ ಒಂದು ದಿನ ಕಲಬುರಗಿ ಜಿಲ್ಲೆಯ ಶಹಾಬಾದ್ ಸೀಮೆಯ ಸರ್ಕಾರಿ ಶಾಲೆಯೊಂದರ ಅಡುಗೆ ಕೋಣೆಯ ಮುಂದೆ ಕೂತಿದ್ದೆ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಬಿಸಿಲು ಮಾತ್ರ ಆಗಲೇ ಕಣ್ಣು ಕುಕ್ಕುತ್ತಿತ್ತು. ಫರಸಿ ಹಾಸಿದ ಪಡಸಾಲೆಯಲ್ಲಿ ಮೂವತ್ತರಷ್ಟು ಮಕ್ಕಳು ಅನ್ನ-ಸಾಂಬಾರಿನ ತಾಟು ಹಿಡಿದು ಸಾಲಾಗಿ ಕೂತಿದ್ದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಉಂಡವಳು ಉಳಿದ ಅನ್ನವನ್ನು ಸ್ಟೀಲ್ ಡಬ್ಬಿಗೆ ತುಂಬತೊಡಗಿದಳು. ‘ಬಿಸಲಾಗ ಹಳಸ್ತದವ್ವಾ, ಇಲ್ಲೇ ಉಣ್ಣು’ ಎಂದರು ಅಡುಗೆಯವರು. ‘ತಮ್ಮಗ ಒಯ್ತೀನ್ ಅಕ್ಕಾ. ಅಂವಂದು ಹೆಸರು ಬರಸಿಲ್ಲ.’ ಆ ತಮ್ಮ, ಅಪ್ಪ-ಅವ್ವನ ಬೆನ್ನಿಗೆ ಹೈದರಾಬಾದಿಗೆ ಹೋಗಿ ಆ ವಾರವಷ್ಟೇ ಊರಿಗೆ ಮರಳಿದ್ದ. ಸೂಟಿಯಲ್ಲಿ ಉಣ್ಣುವ ಮಕ್ಕಳ ಯಾದಿ ಅದಕ್ಕಿಂತ ಎಷ್ಟೋ ಮೊದಲೇ ತಯಾರಾಗಿತ್ತು. ಅಡುಗೆಯವರು ಮರುಮಾತಾಡದೆ ಡಬ್ಬಿ ಇಸಿದುಕೊಂಡು ಅದರ ತುಂಬ ಅನ್ನ ಹಾಕಿ ಕೊಟ್ಟರು.

ಆ ಹೊತ್ತಿಗಾಗಲೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಏಪ್ರಿಲ್ 11ರಿಂದ ಮೇ 28ರವರೆಗೆ, ಭಾನುವಾರ ಬಿಟ್ಟು 41 ದಿನ, ಬಿಸಿಯೂಟ ನಡೆಸಲು ಸರ್ಕಾರ ಆದೇಶಿಸಿತು. ಅದು ಒಳ್ಳೆಯ ಆದೇಶ. ಕಲಬುರಗಿಯ ಬಿಸಿಲಲ್ಲಿ ಒಲೆಯ ಮುಂದೆ ನಿಂತು ಆ ಕೆಲಸ ಮಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಊಟ ನಿಂತಿರುವ ತಳಹದಿಯೇ ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಳೆ ಚೆನ್ನಾಗಿ ಆದ ವರ್ಷ ಬರದ ಘೋಷಣೆ ಇಲ್ಲ. ಘೋಷಣೆ ಇಲ್ಲದ ವರ್ಷ ಸೂಟಿಯ ಊಟಕ್ಕೆ ಆಧಾರವೂ ಇಲ್ಲ.

ಇದರ ಬೇರು ಕಾನೂನಿನಲ್ಲಿದೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಕೊಡಿ ಎಂದು ಅದೇ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು, 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನದ ಪ್ರಕರಣದಲ್ಲಿ ಮತ್ತೆ ಹೇಳಿತು. ನಡುವೆ 2013ರಲ್ಲಿ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಧ್ಯಾಹ್ನದ ಊಟವನ್ನು ಮಗುವಿನ ಹಕ್ಕಾಗಿಸಿತು. ಆದರೆ ಅದರ 5ನೇ ಕಲಮಿನಲ್ಲಿ ‘ಶಾಲಾ ರಜಾ ದಿನಗಳನ್ನು ಬಿಟ್ಟು’ ಎಂಬ ಮಾತು ಸೇರಿಕೊಂಡಿದೆ. ಹಕ್ಕು ಶಾಲೆಯ ಗಂಟೆಯ ಜೊತೆ ಶುರುವಾಗಿ ಗಂಟೆಯ ಜೊತೆಗೇ ಮುಗಿಯುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬದುಕು ಬಲ್ಲವರಿಗೆ ಬರದ ಅಳತೆಗೋಲು ಇಲ್ಲಿ ಯಾಕೆ ಸಾಲದು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದು ತೊಗರಿಯ ನಾಡು. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಮುಗಿದರೆ ಹೊಲವಿಲ್ಲದವರಿಗೆ ಮುಂಗಾರು ಬಿತ್ತನೆಯವರೆಗೆ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಮಳೆ ಎಷ್ಟೇ ಚೆನ್ನಾಗಿ ಆಗಿರಲಿ, ಏಪ್ರಿಲ್-ಮೇ ಪ್ರತಿ ವರ್ಷವೂ ಕೈ ಖಾಲಿಯ ತಿಂಗಳುಗಳೇ. ಚಿಂಚೋಳಿಯ ತಾಂಡಾಗಳಿಂದ ಜನ ಹೈದರಾಬಾದ್, ಪುಣೆ, ಮುಂಬೈ ಹಿಡಿಯುತ್ತಾರೆ; ಮಕ್ಕಳು ಒಂದೋ ಅವರ ಜೊತೆ, ಇಲ್ಲವೇ ಅಜ್ಜಿಯ ಹತ್ತಿರ. ಇನ್ನು ಶಹಾಬಾದ್ ಸುತ್ತಿನ ಫರಸಿ ಗಣಿಗಳಲ್ಲಿ ಕಲ್ಲು ಎಬ್ಬಿಸುವವರಿಗೆ ಮಳೆ ಬಂದರೇ ತ್ರಾಸು. ಗುಂಡಿಯಲ್ಲಿ ನೀರು ನಿಂತರೆ ಕೂಲಿಯೂ ನಿಂತಿತು. ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯವನಿಗೂ ಮಳೆಯ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಇಂಥ ಮನೆಗಳ ಮಕ್ಕಳ ಊಟವನ್ನು ಮಳೆಮಾಪಕ ನೋಡಿ ನಿರ್ಧರಿಸುವುದು ನ್ಯಾಯವಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ದೊಡ್ಡವರನ್ನು ಬಿಸಿಲಿನಿಂದ ಕಾಪಾಡುವ ಏರ್ಪಾಡು ಹೀಗೆ ಆಗುತ್ತದೆ, ಅದಕ್ಕೆ ಬರದ ಘೋಷಣೆ ಬೇಕಾಗಿಲ್ಲ. ಅದೇ ಎರಡು ತಿಂಗಳು ಹತ್ತು-ಹನ್ನೆರಡರ ಹುಡುಗಿಯರು ತಂಗಿ-ತಮ್ಮಂದಿರನ್ನು ಕಂಕುಳಲ್ಲಿಟ್ಟುಕೊಂಡು ಮನೆ ಕಾಯುತ್ತಾರೆ. ಹುಡುಗರು ಗಣಿಗುಂಡಿಯ ನೀರಿಗೆ ಈಜಲು ಇಳಿಯುತ್ತಾರೆ.

ಆಟ-ಪಾಠದ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಈಚಿನ ವರ್ಷಗಳಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತಿದೆ. ಕಥೆ ಓದುವುದು, ಚಿತ್ರ ಬಿಡಿಸುವುದು, ಹಾಡು, ಸಣ್ಣಪುಟ್ಟ ವಿಜ್ಞಾನ ಪ್ರಯೋಗ. ಪಟ್ಟಣದ ಮಕ್ಕಳು ಸಾವಿರಾರು ರೂಪಾಯಿ ಕೊಟ್ಟು ಸೇರುವ ಶಿಬಿರ ಹಳ್ಳಿಯ ಮಗುವಿಗೆ ಪುಕ್ಕಟೆ ಸಿಗುವುದು ದೊಡ್ಡ ವಿಷಯ. ಆದರೆ ಶಿಬಿರ ಒಂದು ಇಲಾಖೆಯದು, ಬಿಸಿಯೂಟ ಇನ್ನೊಂದು ಇಲಾಖೆಯದು. ಬರದ ವರ್ಷ ಶಾಲೆಯಲ್ಲಿ ಊಟವಿತ್ತು, ಉಂಡ ಮೇಲೆ ಮಕ್ಕಳಿಗೆ ಅಲ್ಲಿ ಕೆಲಸವಿರಲಿಲ್ಲ. ಅರಿವು ಕೇಂದ್ರದಲ್ಲಿ ಆಟವಿದೆ, ಬಿಸಿಯೂಟದಂಥ ಖಾತ್ರಿಯ ಊಟ ಅಲ್ಲಿಲ್ಲ. ವಾಡಿ, ಶಹಾಬಾದ್‌ನಂಥ ಪಟ್ಟಣಗಳ ಕೊಳೆಗೇರಿಯ ಮಕ್ಕಳಂತೂ ಗ್ರಾಮ ಪಂಚಾಯಿತಿಯ ಗಡಿಯಾಚೆಗೆ ಉಳಿದು ಈ ಶಿಬಿರದಿಂದಲೂ ಹೊರಗೆ.

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫೋರ್ಡ್ 2020ರಲ್ಲಿ ರಜೆಯ ಊಟಕ್ಕಾಗಿ ದನಿಯೆತ್ತಿದ್ದು ಹಲವರಿಗೆ ನೆನಪಿರಬಹುದು. 2021ರಿಂದ ಅಲ್ಲಿ ದೇಶದುದ್ದಕ್ಕೂ ನಡೆಯುತ್ತಿರುವ ಯೋಜನೆಯ ಹೆಸರಿನಲ್ಲೇ ‘ಚಟುವಟಿಕೆ ಮತ್ತು ಆಹಾರ’ ಎರಡೂ ಇವೆ. ಊಟ ಕೊಡುವ ಜಾಗದಲ್ಲೇ ಆಟ. ಹಾಗಾಗಿ ಮಗು ಬಡತನದ ಗುರುತು ಹೊತ್ತು ಸಾಲಿನಲ್ಲಿ ನಿಲ್ಲುವುದಿಲ್ಲ, ಆಡಲು ಬಂದು ಉಂಡು ಹೋಗುತ್ತದೆ. ನಮ್ಮಲ್ಲಿ ಸೂಟಿಯ ಊಟಕ್ಕೆ ಒಪ್ಪಿಗೆ ಪತ್ರ ಬರೆದುಕೊಟ್ಟು ‘ಊಟಕ್ಕೆ ಬರುವವರು’ ಎಂದು ಗುರುತಿಸಿಕೊಳ್ಳಬೇಕಾಗುತ್ತದೆ. ಆ ಸಂಕೋಚಕ್ಕೇ ಮನೆಯಲ್ಲಿ ಉಳಿದ ಮಕ್ಕಳಿದ್ದಾರೆ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಕಾಲ ಕೆಳಗಿನ ಸುಣ್ಣದ ಕಲ್ಲನ್ನು ತೋರಿಸಬೇಕು. ವಾಡಿ, ಮಳಖೇಡ, ಸೇಡಂ, ಚಿಂಚೋಳಿಯ ಕಾರ್ಖಾನೆಗಳು ದೇಶಕ್ಕೆ ಸಿಮೆಂಟ್ ಕೊಡುತ್ತಿರುವುದು ಈ ಕಲ್ಲಿನಿಂದಲೇ. ಅದರ ರಾಜಧನ ಟನ್ನಿಗೆ 80 ರೂಪಾಯಿ. 2015ರ ಗಣಿ ಕಾಯ್ದೆ ತಿದ್ದುಪಡಿಯ ಪ್ರಕಾರ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಪ್ರತ್ಯೇಕವಾಗಿ ಕಟ್ಟಬೇಕು. ಹಳೆಯ ಗಣಿಯಿಂದ ಒಂದು ಟನ್ ಕಲ್ಲು ಹೊರಬಿದ್ದರೆ ಪ್ರತಿಷ್ಠಾನಕ್ಕೆ 24 ರೂಪಾಯಿ ಬರುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಬೇಳೆ, ತರಕಾರಿ, ಎಣ್ಣೆ, ಉರುವಲಿಗೆಂದು 2025ರ ಮೇ ತಿಂಗಳಿಂದ ನಿಗದಿಯಾದ ದರ ದಿನಕ್ಕೆ 6.78 ರೂಪಾಯಿ, ಆರರಿಂದ ಎಂಟಕ್ಕೆ 10.17. ಅಕ್ಕಿಯ ಲೆಕ್ಕ ಬೇರೆ. 41 ದಿನಕ್ಕೆ ಚಿಕ್ಕ ಮಗುವಿನ ಖರ್ಚು 278 ರೂಪಾಯಿ ಆಗುತ್ತದೆ. ಹನ್ನೆರಡು ಟನ್ ಕಲ್ಲಿನ ಹಣದಲ್ಲಿ ಒಂದು ಮಗು ಇಡೀ ಬೇಸಿಗೆ ಉಣ್ಣಬಹುದು. ಈ ರಸ್ತೆಗಳಲ್ಲಿ ಓಡಾಡುವ ಒಂದೊಂದು ಟಿಪ್ಪರ್ ಅದಕ್ಕಿಂತ ಹೆಚ್ಚು ಹೊರುತ್ತದೆ.

ಗಣಿಬಾಧಿತ ಜನರಿಗೆಂದೇ ಇರುವ ಈ ಹಣದಲ್ಲಿ ಶೇ 70ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣದಂಥ ಆದ್ಯತೆಗಳಿಗೆ ವಿನಿಯೋಗಿಸಬೇಕೆಂದು 2024ರ ಪರಿಷ್ಕೃತ ಮಾರ್ಗಸೂಚಿ ಹೇಳುತ್ತದೆ. ಕಟ್ಟಡಕ್ಕೆ ಹಣ ಕೊಡುವುದು ಸುಲಭ, ಅದಕ್ಕೊಂದು ಫಲಕ ಹಾಕಬಹುದು. ಊಟಕ್ಕೆ ಫಲಕವಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಯ ಶೇ 2ರ ಹಣವೂ ಇದೆ ನಿಜ, ಅದರಿಂದ ಆಟದ ಸಾಮಾನು, ಚಿತ್ರದ ಬಣ್ಣ, ಶಿಬಿರ ನಡೆಸುವವರ ಸಂಭಾವನೆ ಬರಲಿ. ಊಟವನ್ನು ಮಾತ್ರ ಅದರ ಮೇಲೆ ನಿಲ್ಲಿಸಬಾರದು. ಹಿಂದಿನ ಮೂರು ವರ್ಷದ ಲಾಭ ನೋಡಿ ಲೆಕ್ಕ ಹಾಕುವ ಹಣವದು, ಲಾಭ ಇಳಿದ ವರ್ಷ ಅದೂ ಇಳಿಯುತ್ತದೆ.

ಅಡುಗೆಯವರ ಮಾತನ್ನು ಇಲ್ಲಿ ಬಿಡುವಂತಿಲ್ಲ. ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಗೌರವಧನ ತಿಂಗಳಿಗೆ ಒಂದು ಸಾವಿರ, ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯ ತನ್ನ ಪಾಲು ಹೆಚ್ಚಿಸುತ್ತ ಬಂದಿದೆ, ಆದರೂ ಸೂಟಿ ಬಂತೆಂದರೆ ಮಕ್ಕಳ ತಾಟಿನ ಜೊತೆ ಇವರ ಒಲೆಯೂ ಆರುತ್ತದೆ. ಸೂಟಿಯ ಊಟ ಕಾಯಂ ಆದರೆ ಇವರಿಗೆ ಹನ್ನೆರಡು ತಿಂಗಳ ಸಂಬಳ ಕೊಡಲೇಬೇಕು. ಇವರ ಪುಕ್ಕಟೆ ದುಡಿಮೆಯ ಮೇಲೆ ನಡೆಯುವ ಯೋಜನೆ ನನಗೆ ಬೇಡ.

ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಿಸಿಯೂಟಕ್ಕೆ ಮೊಟ್ಟೆ ಬಂದಾಗಲೂ, 2021ರ ಡಿಸೆಂಬರ್‌ನಲ್ಲಿ, ಕಲ್ಯಾಣ ಕರ್ನಾಟಕವೇ ಮೊದಲು. ಎರಡೂ ಸಲ ಇಲ್ಲಿ ಗಟ್ಟಿಯಾದದ್ದು ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಮೂರನೆಯದೂ ಇಲ್ಲಿಂದಲೇ ಆಗಲಿ. 2023ರ ಸಂಪುಟದಲ್ಲಿ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಗ್ರಾಮೀಣಾಭಿವೃದ್ಧಿ ಖಾತೆ ವಹಿಸಿಕೊಂಡರು, ಜಿಲ್ಲಾ ಉಸ್ತುವಾರಿಯೂ ಅವರದಾಯಿತು. ಸೇಡಂ ಶಾಸಕ ಶರಣಪ್ರಕಾಶ ಪಾಟೀಲರೂ ಸಚಿವರಾದರು. ಅರಿವು ಕೇಂದ್ರ ಮತ್ತು ಅಡುಗೆ ಕೋಣೆಯನ್ನು ಒಂದೇ ಆದೇಶದಲ್ಲಿ ಜೋಡಿಸಲು ಇದಕ್ಕಿಂತ ಅನುಕೂಲದ ಕಾಲ ಬೇಕೆ? ಇಬ್ಬರಲ್ಲೂ ನನ್ನ ವಿನಂತಿ ಇಷ್ಟು: ಬರದ ಘೋಷಣೆಗೆ ಕಾಯಬೇಡಿ. ಖನಿಜ ಪ್ರತಿಷ್ಠಾನದ ವಾರ್ಷಿಕ ಯೋಜನೆಯಲ್ಲೇ ಸೂಟಿಯ ಊಟಕ್ಕೆ ಹಣ ತೆಗೆದಿಡಿ. ಮತ್ತು ಹೆಸರು ಬರೆಯುವ ಯಾದಿಯನ್ನು ಮೇ 28ರವರೆಗೂ ತೆರೆದಿಡಿ, ತಡವಾಗಿ ಊರಿಗೆ ಮರಳಿದ ಮಗುವೂ ಅದರಲ್ಲಿ ತನ್ನ ಹೆಸರು ಬರೆಸಲಿ.