ಸ್ಪ್ಯಾನಿಂಗ್ ಟ್ರೀ: ಬೇರನ್ನು ಮರೆತ ಪಾಠ

ಕಂಪ್ಯೂಟರ್ ಜಾಲಗಳ ಪಾಠದಲ್ಲಿ ಸ್ಪ್ಯಾನಿಂಗ್ ಟ್ರೀ ಪ್ರೋಟೊಕಾಲ್‌ಗೆ ಸಾಮಾನ್ಯವಾಗಿ ಒಂದೆರಡು ಪುಟ ಮೀಸಲು. ವಿದ್ಯಾರ್ಥಿಗಳು 2, 20, 15 ಎಂಬ ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಇವು ಎಲ್ಲಿಂದ ಬಂದವು, ಇವನ್ನು ಯಾವ ಸ್ವಿಚ್‌ನಲ್ಲಿ ಬದಲಿಸಬೇಕು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ತಪ್ಪು ವಿದ್ಯಾರ್ಥಿಗಳದ್ದಲ್ಲ, ನಾವು ಪಾಠ ಮಾಡುವ ಕ್ರಮದ್ದು ಎಂಬುದು ನನ್ನ ಆಕ್ಷೇಪ.

ಈಥರ್ನೆಟ್ ಫ್ರೇಮ್‌ಗೆ ಆಯುಷ್ಯದ ಮಿತಿ ಇಲ್ಲ. ಸ್ವಿಚ್‌ಗಳ ನಡುವೆ ಕುಣಿಕೆಗಳಿದ್ದರೆ, ಎಲ್ಲರಿಗೂ ಕಳಿಸಿದ ಒಂದು ಸಂದೇಶ ಸುತ್ತುತ್ತ, ಹೆಚ್ಚುತ್ತ ಜಾಲವನ್ನೇ ಮುಳುಗಿಸುತ್ತದೆ. ಧ್ವನಿವರ್ಧಕದ ಮುಂದೆ ಮೈಕ್ ಹಿಡಿದಾಗ ಕೇಳುವ ಕೀರಲಿನಂತೆ. ಹೆಚ್ಚುವರಿ ತಂತಿಗಳನ್ನೇ ತೆಗೆದುಬಿಟ್ಟರೆ, ಒಂದು ತಂತಿ ಕಡಿದಾಗ ಜಾಲವೂ ಕಡಿಯುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಕೊಟ್ಟ ಪರಿಹಾರ ಸರಳ: ಸ್ವಿಚ್‌ಗಳು ತಮ್ಮಲ್ಲೇ ಒಂದನ್ನು ಬೇರಾಗಿ ಆರಿಸಲಿ, ಅಲ್ಲಿಂದ ಕುಣಿಕೆಯಿಲ್ಲದ ಮರವೊಂದನ್ನು ಕಟ್ಟಲಿ, ಉಳಿದ ತಂತಿಗಳು ಆಪತ್ಕಾಲಕ್ಕೆ ಕಾದಿರಲಿ. 1990ರಲ್ಲಿ ಇದು ಐಇಇಇ 802.1ಡಿ ಮಾನಕವಾಯಿತು.

ಇದನ್ನು 'ಕನಿಷ್ಠ ವೆಚ್ಚದ ಮರ' ಎಂದು ಕಲಿಸುವುದು ಮೊದಲ ತಪ್ಪು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಈ ನಾಲ್ಕು ಕಡೆ ಒಂದೊಂದು ಸ್ವಿಚ್ ಇದೆ, ಪ್ರತಿ ಜೋಡಿಯ ನಡುವೆ ಒಂದೇ ವೆಚ್ಚದ ತಂತಿ ಇದೆ ಎಂದುಕೊಳ್ಳಿ. ತಂತಿಗಳು 6, ಮರಕ್ಕೆ ಬೇಕಾದವು 3. ಸ್ವತಂತ್ರ ಕುಣಿಕೆಗಳು 6 − 4 + 1 = 3; ವಿದ್ಯುನ್ಮಂಡಲಗಳಿಗೆ ಕಿರ್ಕಾಫ್ 1847ರಲ್ಲಿ ತೋರಿಸಿದ ಲೆಕ್ಕವೇ ಇದು. ಒಟ್ಟು 16 ಬಗೆಯ ಮರಗಳು ಸಾಧ್ಯ. ಎಲ್ಲದರ ವೆಚ್ಚವೂ ಒಂದೇ. ಆದರೂ ಪ್ರೋಟೊಕಾಲ್ ಆರಿಸುವುದು ಕೇವಲ 4ರಲ್ಲಿ ಒಂದನ್ನು: ಬೇರಿನಿಂದ ಉಳಿದ ಮೂರಕ್ಕೂ ನೇರವಾಗಿ ಚಾಚಿದ ನಕ್ಷತ್ರಾಕಾರದ ಮರವನ್ನು. ಅದು ನೋಡುವುದು ಒಟ್ಟು ವೆಚ್ಚವನ್ನಲ್ಲ, ಬೇರಿನಿಂದ ಪ್ರತಿ ಸ್ವಿಚ್‌ಗೆ ಇರುವ ಅತಿ ಹತ್ತಿರದ ದಾರಿಯನ್ನು.

ಬೇರು ಕೆ.ಆರ್.ಪುರದಲ್ಲಿದ್ದರೆ, ಶಿವಾಜಿನಗರದಿಂದ ಪಕ್ಕದ ಹಲಸೂರಿಗೆ ಹೊರಟ ಮಾಹಿತಿ ಕೆ.ಆರ್.ಪುರಕ್ಕೆ ಹೋಗಿ ಹಿಂದಿರುಗಬೇಕು! ಬೇರು ಯಾವುದೆಂದು ನಿರ್ಧರಿಸುವವರು ಯಾರು? ಆದ್ಯತಾ ಸಂಖ್ಯೆ ಚಿಕ್ಕದಿರುವ ಸ್ವಿಚ್ ಗೆಲ್ಲುತ್ತದೆ. ಕಾರ್ಖಾನೆಯಿಂದ ಬರುವಾಗ ಎಲ್ಲದರಲ್ಲೂ ಅದು 32768. ಸರಿಸಮವಾದಾಗ 48 ಬಿಟ್‌ಗಳ ಮ್ಯಾಕ್ ವಿಳಾಸ ಯಾವುದರದ್ದು ಚಿಕ್ಕದೋ ಅದೇ ಬೇರು. ಅನೇಕ ವೇಳೆ ಅದು ಮೂಲೆಯಲ್ಲಿರುವ ಹಳೆಯ ಸ್ವಿಚ್. ಕೆ.ಆರ್.ಪುರದ ಬಳಿ ದೂರವಾಣಿನಗರದಲ್ಲಿ 1948ರಿಂದ ದೂರವಾಣಿ ಉಪಕರಣ ತಯಾರಿಸಿದ ಐಟಿಐನ ಎಕ್ಸ್‌ಚೇಂಜನ್ನು ಅದರ ಕ್ರಮಸಂಖ್ಯೆ ನೋಡಿ ಯಾರಾದರೂ ಊರಿನಲ್ಲಿ ಸ್ಥಾಪಿಸುತ್ತಿದ್ದರೇ?

ಇನ್ನು ಕಾಲದ ಪ್ರಶ್ನೆ. ಬೇರು 2 ಸೆಕೆಂಡಿಗೊಮ್ಮೆ ಸಂದೇಶ ಕಳಿಸುತ್ತದೆ. 20 ಸೆಕೆಂಡು ಸುದ್ದಿಯಿಲ್ಲದಿದ್ದರೆ ಹಳೆಯ ಮಾಹಿತಿ ರದ್ದು. ಬಳಿಕ ಆಲಿಸಲು 15, ಕಲಿಯಲು 15. ಒಟ್ಟು 50 ಸೆಕೆಂಡು. ಜಾಲದ ಎರಡು ತುದಿಗಳ ನಡುವೆ ಹೆಚ್ಚೆಂದರೆ 7 ಸ್ವಿಚ್ ಎಂಬ ಊಹೆಯ ಮೇಲೆ ಈ ಸಂಖ್ಯೆಗಳು ನಿಂತಿವೆ. 15ರಿಂದ 1 ಕಳೆದು ಇಮ್ಮಡಿಸಿದರೆ ಬರುವ 28, ಆ 20ಕ್ಕಿಂತ ಕಡಿಮೆಯಾಗಬಾರದು ಎಂಬ ನಿಯಮವೂ ಉಂಟು. ಜಾಲವನ್ನು ಚಿಕ್ಕದು ಮಾಡದೆ ಕಾಲವನ್ನಷ್ಟೇ ಕಡಿತಗೊಳಿಸಿದರೆ, ಸುದ್ದಿ ತಲುಪುವ ಮೊದಲೇ ದ್ವಾರಗಳು ತೆರೆದು ಕುಣಿಕೆ ಉಂಟಾಗಬಹುದು.

ನಾನು ಕಂಡ ಒಂದು ಕಾಲೇಜಿನಲ್ಲಿ 50 ಸೆಕೆಂಡು ಬಹಳವಾಯಿತೆಂದು ಪ್ರಯೋಗಾಲಯದ ಹೊಸ ಸ್ವಿಚ್‌ನಲ್ಲಿ 15ನ್ನು 10ಕ್ಕೆ ಇಳಿಸಲಾಗಿತ್ತು. ಪರಿಣಾಮ ಶೂನ್ಯ. ಏಕೆಂದರೆ ಇಡೀ ಜಾಲ ಪಾಲಿಸುವುದು ಬೇರು ಸಾರುವ ಕಾಲವನ್ನು. ಬೇರು ಗ್ರಂಥಾಲಯದ ಹಳೆಯ ಸ್ವಿಚ್ ಆಗಿತ್ತು. ಬೇಸತ್ತು ಪ್ರೋಟೊಕಾಲನ್ನೇ ಆರಿಸಿಬಿಟ್ಟರು. ಕೆಲವು ದಿನಗಳಲ್ಲಿ ಯಾರೋ ಒಂದೇ ತಂತಿಯ ಎರಡೂ ತುದಿಗಳನ್ನು ಗೋಡೆಗೆ ಚುಚ್ಚಿದರು; ಅಂದಿನ ಪ್ರಾಯೋಗಿಕ ಪರೀಕ್ಷೆ ನಿಂತುಹೋಯಿತು. ಬೋಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 2002ರ ನವೆಂಬರಿನಲ್ಲಿ ಆದದ್ದು ಇದಕ್ಕಿಂತ ಗಂಭೀರ. ಮಿತಿ ಮೀರಿ ಬೆಳೆದ ಜಾಲ ಕುಸಿದು, ವೈದ್ಯರು ದಿನಗಟ್ಟಲೆ ಕಾಗದ-ಲೇಖನಿಗೆ ಮರಳಬೇಕಾಯಿತು.

2001ರಲ್ಲಿ ಬಂದ ಕ್ಷಿಪ್ರ ರೂಪವು ಕಾಯುವ ಕಾಲವನ್ನು ಬಹುಮಟ್ಟಿಗೆ ನಿವಾರಿಸಿತು. 2004ರ ಮಾನಕ ಹಳೆಯದನ್ನು ಕೈಬಿಟ್ಟಿತು. ಆದರೆ ಬೇರಿನ ಆಯ್ಕೆಯ ನಿಯಮ ಬದಲಾಗಲಿಲ್ಲ. ಕಾಲದ ಸಮಸ್ಯೆಯನ್ನು ಯಂತ್ರ ಬಗೆಹರಿಸಿತು. ಬೇರಿನ ಸಮಸ್ಯೆ ಮನುಷ್ಯನಿಗೇ ಉಳಿಯಿತು.

ಆದ್ದರಿಂದ ಶಿಕ್ಷಕರಲ್ಲಿ ನನ್ನ ವಿನಂತಿ: ಸಂಖ್ಯೆಗಳಿಗೆ ಮೊದಲು ನಾಲ್ಕು ಚುಕ್ಕೆಗಳ ಚಿತ್ರ ಬರೆಯಿಸಿ, ಬೇರನ್ನು ವಿದ್ಯಾರ್ಥಿಗಳೇ ಆರಿಸಲಿ. ಜಾಲದ ನಡುವಿನ ಬಲವಾದ ಸ್ವಿಚ್‌ಗೆ 4096, ಅದು ಕೆಟ್ಟರೆ ಬದಲಿಗೆ ನಿಲ್ಲುವುದಕ್ಕೆ 8192 ಆದ್ಯತೆ ಕೊಟ್ಟು, ಕಾಲಗಳನ್ನು ಇದ್ದಂತೆಯೇ ಬಿಡಲಿ. ಹಾಗೇಕೆ ಎಂದು ವಿವರಿಸಬಲ್ಲ ವಿದ್ಯಾರ್ಥಿಗೆ ಪೂರ್ಣಾಂಕ ಕೊಡೋಣ.